ಇಲ್ಯಾ ಮೆಚ್ನಿಕಾಫ್

ಇಲ್ಯಾ ಇಲ್ಯಿಚ್ ಮೆಚ್ನಿಕಾಫ್ (15 ಮೇ 1845 – 15 ಜುಲೈ 1916) ರಷ್ಯಾ ಸಾಮ್ರಾಜ್ಯದ ಪ್ರಾಣಿವಿಜ್ಞಾನಿ. ಅಕಶೇರುಕಗಳ ಅಧ್ಯಯನದಿಂದ ಜೀವಕೋಶಾಧಾರಿತ ರೋಗನಿರೋಧಕ ಸಿದ್ಧಾಂತವನ್ನು ರೂಪಿಸಿದ ಇವರು 1908ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಪಾಲ್ ಎರ್ಲಿಖ್ ಅವರೊಡನೆ ಹಂಚಿಕೊಂಡರು.

ಜೀವನ

ಇಂದಿನ ಉಕ್ರೇನಿನ ಖಾರ್ಕಿವ್ ಪ್ರಾಂತದಲ್ಲಿ ಜನಿಸಿದ ಮೆಚ್ನಿಕಾಫ್ ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾದರು. 1873ರಲ್ಲಿ ಮೊದಲ ಪತ್ನಿ ಲ್ಯುಡ್ಮಿಲಾ ಕ್ಷಯರೋಗದಿಂದ ತೀರಿಕೊಂಡಾಗ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದರು. 1875ರಲ್ಲಿ ಓಲ್ಗಾ ಅವರನ್ನು ವಿವಾಹವಾದರು. 1882ರಲ್ಲಿ ಹುದ್ದೆ ತ್ಯಜಿಸಿ ಸಿಸಿಲಿಯ ಮೆಸ್ಸಿನಾಕ್ಕೆ ತೆರಳಿದರು.

ಸಂಶೋಧನೆ

ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಲಾರ್ವಾಗಳಿಗೆ ಮುಳ್ಳು ಚುಚ್ಚಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಚಲಿಸುವ ಜೀವಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. ರಕ್ತನಾಳಗಳಿಲ್ಲದ ಜೀವಿಯಲ್ಲಿ ಇದು ನಡೆದುದರಿಂದ, ರಕ್ಷಣೆಯ ಕಾರ್ಯ ಆ ಕೋಶಗಳದೇ ಎಂದು ತರ್ಕಿಸಿದರು. ಇವುಗಳಿಗೆ ಫ್ಯಾಗೊಸೈಟ್ (ಭಕ್ಷಕಕೋಶ) ಎಂಬ ಹೆಸರು ಬಂದಿತು. 1884ರಲ್ಲಿ, ಸಿಹಿನೀರಿನ ಡಾಫ್ನಿಯಾ ಎಂಬ ಸಣ್ಣ ಕಠಿಣಚರ್ಮಿಯಲ್ಲಿ ಶಿಲೀಂಧ್ರದ ಬೀಜಕಗಳನ್ನು ಇಂತಹ ಕೋಶಗಳು ನುಂಗುವುದನ್ನೂ, ಅವು ಸೋತಾಗ ಜೀವಿ ಸಾಯುವುದನ್ನೂ ವಿವರಿಸಿದರು.

ರೋಗಾಣುಗಳನ್ನು ಕೊಲ್ಲುವುದು ರಕ್ತದ ದ್ರವಾಂಶವೇ ಎಂದು ನಂಬಿದ್ದ ಅನೇಕ ಜರ್ಮನ್ ವಿಜ್ಞಾನಿಗಳು ಈ ವಾದವನ್ನು ತೀವ್ರವಾಗಿ ವಿರೋಧಿಸಿದರು. 1888ರಿಂದ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್ ದಶಕಗಳ ಕಾಲ ಅದನ್ನು ಸಮರ್ಥಿಸಿಕೊಂಡರು. ಎರಡೂ ವ್ಯವಸ್ಥೆಗಳು ಪರಸ್ಪರ ಪೂರಕವೆಂಬುದು ಕ್ರಮೇಣ ಸ್ಪಷ್ಟವಾಯಿತು.

ಪ್ರಭಾವ

ಸಿಂಪಿ, ನೀಲಿಕಲ್ಲು, ಸಿಗಡಿಗಳಲ್ಲಿ ಪ್ರತಿಕಾಯಗಳಿಲ್ಲ. ವಿಬ್ರಿಯೊದಂತಹ ಬ್ಯಾಕ್ಟೀರಿಯಾ ಸೋಂಕಿದಾಗ ಅವುಗಳ ರಕ್ಷಣೆಯಲ್ಲಿ ಹೀಮೊಸೈಟ್‌ಗಳೆಂಬ ರಕ್ತಕೋಶಗಳು ಪ್ರಧಾನ ಪಾತ್ರ ವಹಿಸುತ್ತವೆ. ಚಿಪ್ಪುಜೀವಿಗಳ ರೋಗಗಳ ಇಂದಿನ ಅಧ್ಯಯನಕ್ಕೆ ಮೆಚ್ನಿಕಾಫ್ ಅವರ ಸಿದ್ಧಾಂತವೇ ಬುನಾದಿಯಾಗಿದೆ. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.