ತಿರಸ್ಕೃತ ಲೆಕ್ಕವೇ ಇಂದು ಇನ್ವರ್ಟರ್‌ಗೆ ಆಧಾರ: ದರ್ಜಿಯ ಮಗ ಫೋರಿಯರ್ ಸಾಧನೆ

ಜೋಸೆಫ್ ಫೋರಿಯರ್ 1768ರಲ್ಲಿ ಫ್ರಾನ್ಸ್‌ನ ದರ್ಜಿಯೊಬ್ಬರ ಮನೆಯಲ್ಲಿ ಜನಿಸಿದರು. ಬಾಲ್ಯದಲ್ಲೇ ಅನಾಥರಾದರು. ಕ್ರಾಂತಿಯ ವೇಳೆ ಜೈಲು ಸೇರಿದರು, ಬಳಿಕ ನೆಪೋಲಿಯನ್ ಜತೆ ಈಜಿಪ್ಟ್‌ಗೂ ಹೋದರು. ಶಾಖ ಹರಡುವ ಬಗೆ ವಿವರಿಸಲು, ಎಂಥ ಅಲೆಯನ್ನಾದರೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದು ಎಂದು 1807ರಲ್ಲಿ ಮಂಡಿಸಿದರು. ಹಿರಿಯ ಗಣಿತಜ್ಞ ಲಗ್ರಾಂಜ್ ಒಪ್ಪಲಿಲ್ಲ, ಪ್ರಬಂಧ ಪ್ರಕಟವಾಗಲಿಲ್ಲ. ಛಲ ಬಿಡದೆ 1822ರಲ್ಲಿ ಪುಸ್ತಕವನ್ನೇ ಹೊರತಂದರು. 1830ರಲ್ಲಿ ನಿಧನರಾದರು.

ಇಂದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್ ಸುತ್ತಲಿನ ಹಿನ್ನೀರಿನಲ್ಲಿ ವಾಟರ್ ಮೆಟ್ರೋದ ವಿದ್ಯುತ್ ದೋಣಿಗಳು ಓಡುತ್ತಿವೆ. ವಿದ್ಯುತ್ ವಾಹನಗಳಲ್ಲಿ ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವುದು ಇನ್ವರ್ಟರ್. ಆಗ ಹುಟ್ಟುವ ಬೇಡದ ಅಲೆಗಳೇ ಹಾರ್ಮೋನಿಕ್ಸ್. ಇವು ಮೋಟಾರ್ ಬಿಸಿಯಾಗಿಸುತ್ತವೆ. ಮಲ್ಟಿಲೆವೆಲ್ ಇನ್ವರ್ಟರ್ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುತ್ತದೆ. ಸ್ವಿಚ್ ಹಾಕುವ ಕ್ಷಣ ಸರಿಯಾಗಿ ಆಯ್ದರೆ 5, 7ನೇ ಹಾರ್ಮೋನಿಕ್ ಅಳಿಸಬಹುದು. ಆ ಕ್ಷಣ ಗುರುತಿಸುವುದು ಅಂದು ಬದಿಗೆ ಸರಿಸಿದ ಫೋರಿಯರ್ ಲೆಕ್ಕವೇ.