ದಂಡಿನ ಬಂಗಲೆಯಲ್ಲಿ ಚರ್ಚಿಲ್ ಪಳಗಿಸಿಕೊಂಡ ಇಂಗ್ಲಿಷ್

ವಿನ್‌ಸ್ಟನ್ ಚರ್ಚಿಲ್ ಎಂದೊಡನೆ ಬೆಂಗಳೂರಿಗರಿಗೆ ನೆನಪಾಗುವುದು ಇಂದಿನ ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಉಳಿದುಹೋದ 13 ರೂಪಾಯಿಯ ಬಾಕಿ. ಇಂಗ್ಲಿಷ್ ವ್ಯಾಕರಣ ಬೋಧಿಸುವವರಿಗೆ ನೆನಪಾಗುವುದು ಬೇರೊಂದು ಕಥೆ. ‘ವಿತ್’, ‘ಟು’ಗಳಂತಹ ಪ್ರಿಪೊಸಿಷನ್ ವಾಕ್ಯದ ಕೊನೆಯಲ್ಲಿ ಬರಕೂಡದೆಂದು ತಿದ್ದಿದ ಅಧಿಕಾರಿಯೊಬ್ಬನ ಬಾಯನ್ನು ಅವರು ಹಾಸ್ಯದಿಂದಲೇ ಮುಚ್ಚಿಸಿದರಂತೆ. ಬಾಕಿಗೆ ದಾಖಲೆಯಿದೆ; ಈ ಕಥೆಗೆ ದೃಢವಾದ ಆಧಾರ ದೊರೆತಿಲ್ಲ.

ಆದರೆ ಪದಗಳ ಸರಿ-ತಪ್ಪಿನ ಚಿಂತೆ ಅವರನ್ನು ಕಾಡಿದ್ದು ನಿಜ. ಅದರ ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ.

1874ರಲ್ಲಿ ಜನಿಸಿದ ಚರ್ಚಿಲ್ ಹ್ಯಾರೋ ಶಾಲೆಯಲ್ಲಿ ಹಿಂದುಳಿದ ವಿದ್ಯಾರ್ಥಿ. ಲ್ಯಾಟಿನ್ ಒಲಿಯದ ಹುಡುಗರಿಗೆ ಇಂಗ್ಲಿಷ್ ಕಲಿಸುತ್ತಿದ್ದ ಸೋಮರ್‌ವೆಲ್ ಎಂಬ ಉಪಾಧ್ಯಾಯರು ಕರ್ತೃ, ಕರ್ಮ, ಕ್ರಿಯಾಪದಗಳನ್ನು ಬಣ್ಣಬಣ್ಣದ ಶಾಯಿಯಲ್ಲಿ ಬಿಡಿಸಿ ತೋರಿಸುತ್ತಿದ್ದರು. ವಾಕ್ಯದ ಕಟ್ಟು ಹುಡುಗನ ಮನಸ್ಸಿನಲ್ಲಿ ನೆಲೆಯೂರಿತು.

1896ರ ಅಕ್ಟೋಬರಿನಲ್ಲಿ 4ನೇ ಹುಸಾರ್ಸ್ ಅಶ್ವದಳದೊಡನೆ ಬೆಂಗಳೂರಿಗೆ ಬಂದಾಗ ಅವರಿಗೆ 21 ವರ್ಷ. ಬೆಳಗ್ಗೆ ಕವಾಯತು, ಸಂಜೆ ಪೋಲೊ. ನಡುವಿನ ಬಿಸಿಲ ಹೊತ್ತಿನಲ್ಲಿ, ತಾಯಿ ಕಳುಹಿಸಿದ ಗಿಬ್ಬನ್ ಮತ್ತು ಮೆಕಾಲೆಯವರ ಸಂಪುಟಗಳನ್ನು ನಿತ್ಯ ನಾಲ್ಕೈದು ಗಂಟೆ ಓದುತ್ತಿದ್ದರು. ಮೆಚ್ಚಿದ ಪದಗಳ ಅರ್ಥ ಖಚಿತವಾಗಿ ತಿಳಿಯದೆ, ಬಳಸಿದರೆ ನಗೆಪಾಟಲಾದೇನೆಂದು ಅಂಜುತ್ತಿದ್ದುದನ್ನು 1930ರ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

1897ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಮಲಕಂಡ್‌ನ ಕಾಳಗಕ್ಕೆ ಹೋಗಿಬಂದು, ಬೆಂಗಳೂರಿನಲ್ಲಿ ಕುಳಿತು ಮೊದಲ ಪುಸ್ತಕ ಬರೆದರು. ಅದೇ ವಿಷಯದ ಮತ್ತೊಂದು ಕೃತಿ ಸಿದ್ಧವಾಗುತ್ತಿದ್ದುದರಿಂದ, ಕರಡಚ್ಚು ಹಡಗಿನಲ್ಲಿ ಬಂದು ಹೋಗುವಷ್ಟು ವ್ಯವಧಾನವಿರಲಿಲ್ಲ. ತಿದ್ದುವ ಹೊಣೆ ಇಂಗ್ಲೆಂಡಿನಲ್ಲಿದ್ದ ದೊಡ್ಡಪ್ಪ ಮೋರ್ಟನ್ ಫ್ರೀವೆನ್ ಅವರ ಪಾಲಾಯಿತು. 1898ರಲ್ಲಿ ಪ್ರತಿ ಕೈಸೇರಿದಾಗ ಅದರ ತುಂಬ ಅಚ್ಚಿನ ತಪ್ಪುಗಳು, ದಿಕ್ಕುತಪ್ಪಿದ ವಿರಾಮಚಿಹ್ನೆಗಳು. ಬರವಣಿಗೆಯನ್ನು ಮೆಚ್ಚಿದ ವಿಮರ್ಶಕರೂ ಚಿಹ್ನೆಗಳನ್ನು ಗೇಲಿ ಮಾಡಿದರು. ಲೇಖನಿಯಿಂದ ಹೆಸರು ಗಳಿಸಬೇಕೆಂದಿದ್ದ ತರುಣನಿಗೆ ಅದು ದೊಡ್ಡ ಅವಮಾನ. ಮುಂದಿನ ಆವೃತ್ತಿಯಲ್ಲಿ ತಪ್ಪುಗಳನ್ನು ತಿದ್ದಿಸಿದರು.

ಅವರ ಹೆಸರಿಗೆ ಅಂಟಿಕೊಂಡ ಆ ಪ್ರಿಪೊಸಿಷನ್ ನಿಯಮವನ್ನಾದರೋ ನಿಘಂಟುಕಾರ ಫೌಲರ್ 1926ರಲ್ಲೇ ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕಿದ್ದರು. ಕನ್ನಡದಲ್ಲಿ ‘ಗೆ’, ‘ಇಂದ’, ‘ಅಲ್ಲಿ’ ಎಂಬ ಪ್ರತ್ಯಯಗಳು ನಾಮಪದದ ಬೆನ್ನಿಗೇ ಅಂಟಿರುತ್ತವೆ. ಇಂಗ್ಲಿಷಿನ ಪ್ರಿಪೊಸಿಷನ್ ತನ್ನ ನಾಮಪದವನ್ನು ಬಿಟ್ಟು ವಾಕ್ಯದ ಕೊನೆಗೂ ಸರಿಯಬಲ್ಲದು. ಅದು ತಪ್ಪಲ್ಲ, ಆ ಭಾಷೆಯ ಜಾಯಮಾನ.

ಭಾರತದ ಸ್ವರಾಜ್ಯವನ್ನು ಕಟುವಾಗಿ ವಿರೋಧಿಸಿದ ಚರ್ಚಿಲ್‌ಗೆ 1953ರಲ್ಲಿ ಸಾಹಿತ್ಯದ ನೊಬೆಲ್ ಬಂತು. 1965ರಲ್ಲಿ ನಿಧನರಾದರು. ಅವರ ರಾಜಕೀಯವನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬಹುದು: ಇಂಗ್ಲಿಷರ ಮನೆಯಲ್ಲಿ ಹುಟ್ಟಿದವನಿಗೂ ಒಳ್ಳೆಯ ಇಂಗ್ಲಿಷ್ ಹುಟ್ಟಿನಿಂದ ಬರಲಿಲ್ಲ, ದುಡಿದೇ ಗಳಿಸಬೇಕಾಯಿತು.