ಕಣಜ ಅಂದರೆ ಬರೀ ಕುಟುಕುವ ಹುಳವೇ? ಮೂರು ಸಾವಿರ ಕಣಜಗಳಿಗೆ ಹೆಸರಿಟ್ಟ ಜಿರಾಲ್ಟ್ ಕಥೆ

ಕಣಜ ಎಂದ ಕೂಡಲೇ ನಮಗೆ ನೆನಪಾಗುವುದು ಕುಟುಕು, ಊತ, ಉರಿ. ಕಣಜ ಕಂಡರೆ ಕೊಂದುಬಿಡಿ ಎನ್ನುವವರೇ ಹೆಚ್ಚು. ಆದರೆ ಜಗತ್ತಿನ ಕಣಜಗಳಲ್ಲಿ ಬಹುಪಾಲು ಮನುಷ್ಯರ ತಂಟೆಗೇ ಬರುವುದಿಲ್ಲ. ಅವುಗಳಲ್ಲಿ ಎಷ್ಟೋ ಎಳ್ಳಿನ ಕಾಳಿಗಿಂತ ಚಿಕ್ಕವು. ಅವು ಬೇರೆ ಕೀಟದ ಮೈಯೊಳಗೆ ಅಥವಾ ಅದರ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುತ್ತವೆ. ಹೊರಬಂದ ಮರಿಹುಳು ಆ ಕೀಟವನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ಕೃಷಿ ತಜ್ಞರು ಇವನ್ನು ಪರತಂತ್ರ ಜೀವಿಗಳು ಎನ್ನುತ್ತಾರೆ. ತಲೆಯ ಹೇನು ರಕ್ತ ಹೀರಿದರೂ ನಮ್ಮನ್ನು ಕೊಲ್ಲುವುದಿಲ್ಲ. ಈ ಕಣಜಗಳು ಹಾಗಲ್ಲ, ಆಶ್ರಯ ಕೊಟ್ಟ ಕೀಟ ಸಾಯಲೇಬೇಕು.

ಇಂಥ ಕಣಜಗಳಿಗೆ ಹೆಸರಿಡುವುದರಲ್ಲೇ ಜೀವನ ಕಳೆದ ಒಬ್ಬರ ಕಥೆ ಇದು.

ಯಾರು ಈ ಜಿರಾಲ್ಟ್?

ಅಲೆಕ್ಸಾಂಡರ್ ಆರ್ಸೀನ್ ಜಿರಾಲ್ಟ್ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಅನಾಪೊಲಿಸ್‌ನಲ್ಲಿ. 1911ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ಗೆ ಹೋದರು. ಅಲ್ಲಿ ಕಬ್ಬಿನ ಕೀಟಗಳನ್ನು ಅಧ್ಯಯನ ಮಾಡುವ ಸರ್ಕಾರಿ ಕೆಲಸ ಸಿಕ್ಕಿತ್ತು. ಆದರೆ ಮನಸ್ಸು ಸೋತಿದ್ದು ಕಾಡಿನ, ಗದ್ದೆಯ, ಕಿಟಕಿ ಗಾಜಿನ ಮೇಲಿನ ಪುಟಾಣಿ ಕಣಜಗಳಿಗೆ. 1914ರಲ್ಲಿ ಅಮೆರಿಕಕ್ಕೆ ಮರಳಿ ಅಲ್ಲಿನ ಕೃಷಿ ಇಲಾಖೆಯಲ್ಲಿ ದುಡಿದರು. 1917ರಲ್ಲಿ ಮತ್ತೆ ಕ್ವೀನ್ಸ್‌ಲ್ಯಾಂಡ್ ಸೇರಿದರು. ಒಟ್ಟು 3,000ಕ್ಕೂ ಹೆಚ್ಚು ಜಾತಿಗಳನ್ನು ಅವರು ವಿಜ್ಞಾನಕ್ಕೆ ಪರಿಚಯಿಸಿದರು.

ಒಂದು ಕಣಜಕ್ಕೆ ಹೆಸರಿಡುವುದು ಹೇಗೆ?

ಹೊಸ ಹುಳ ಕಂಡಾಕ್ಷಣ ಹೆಸರಿಡಲು ಆಗುವುದಿಲ್ಲ. ಒಂದೆರಡು ಮಿಲಿಮೀಟರ್ ಉದ್ದದ ಕಣಜವನ್ನು ಗಾಜಿನ ಸ್ಲೈಡ್ ಮೇಲೆ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೀಸೆಯಲ್ಲಿ ಎಷ್ಟು ಗೆಣ್ಣುಗಳಿವೆ, ರೆಕ್ಕೆಯ ಅಂಚಿನ ಕೂದಲು ಎಷ್ಟು ಉದ್ದ, ಪಾದದಲ್ಲಿ ಎಷ್ಟು ತುಂಡುಗಳು ಎಂದೆಲ್ಲ ಎಣಿಸಬೇಕು. ಹಿಂದೆ ಹೆಸರಿಸಿದ ಜಾತಿಗಳ ಜೊತೆ ಹೋಲಿಸಬೇಕು. ಬೇರೆಯೇ ಎಂದು ಖಚಿತವಾದರೆ ಅದರ ವಿವರಣೆ ಪ್ರಕಟಿಸಿ, ಆ ಹುಳವನ್ನೇ ಮೂಲ ಮಾದರಿ ಎಂದು ಕಾಪಾಡಿ ಇಡಬೇಕು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಆ ಮಾದರಿಯೇ ಸಾಕ್ಷಿ.

ಜಿರಾಲ್ಟ್‌ಗೆ ಹೆಸರುಗಳಲ್ಲಿ ಸಾಹಿತ್ಯ, ಸಂಗೀತದ ಹುಚ್ಚು. ಒಂದು ಕುಲಕ್ಕೆ ಮೊಜಾರ್ಟೆಲ್ಲಾ ಎಂದಿಟ್ಟರು. ಥ್ರಿಪ್ಸ್ ನುಸಿಯ ಮೇಲೆ ಬದುಕುವ ಒಂದು ಕಣಜ ಅವರ ಕೈಯಲ್ಲಿ ಗೋಥಿಯಾನ ಶೇಕ್ಸ್‌ಪಿಯರಿ ಆಯಿತು. ಒಂದೇ ಹುಳದಲ್ಲಿ ಇಬ್ಬರು ಮಹಾಕವಿಗಳು!

ಗುರುಗ್ರಹದಿಂದ ಬಂದ ಕಣಜ

ವಿಜ್ಞಾನ ಹಣಕ್ಕೂ ಅಧಿಕಾರಕ್ಕೂ ಬಾಗಬಾರದು ಎಂಬುದು ಜಿರಾಲ್ಟ್ ಅವರ ಹಟ. ಬೆಳೆಯ ಲಾಭನಷ್ಟಕ್ಕಾಗಿ ಕೀಟ ನೋಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೇಲಧಿಕಾರಿಗಳ ಜೊತೆ ಜಗಳ ಮುಗಿಯಲಿಲ್ಲ. ಕೊನೆಗೆ ತಾವೇ ಖರ್ಚು ಹಾಕಿ ಕಿರುಹೊತ್ತಿಗೆಗಳನ್ನು ಅಚ್ಚು ಹಾಕಿಸತೊಡಗಿದರು. ಅವುಗಳಲ್ಲಿ ಹೊಸ ಜಾತಿಗಳ ವಿವರಣೆ ಇರುತ್ತಿತ್ತು, ಪಕ್ಕದಲ್ಲೇ ಬೈಗುಳವೂ ಇರುತ್ತಿತ್ತು.

ಒಮ್ಮೆ ಅವರು ಇಲ್ಲದ ಕಣಜವನ್ನೇ ವರ್ಣಿಸಿದರು. ಇಲ್ಲಿಂಗ್‌ವರ್ತ್ ಎಂಬ ಕೀಟಶಾಸ್ತ್ರಜ್ಞರ ಹೆಸರನ್ನು ತಿರುಚಿ ಅದಕ್ಕೆ ಶಿಲ್ಲಿಂಗ್ಸ್‌ವರ್ತಿಯಾ ಎಂದು ಕರೆದರು. ಶಿಲ್ಲಿಂಗ್ ಎಂದರೆ ಆಗಿನ ನಾಣ್ಯ. ಆ ಕಣಜಕ್ಕೆ ನೆರಳಿಲ್ಲ, ಒಳಗೆಲ್ಲ ಖಾಲಿ, ಸಿಕ್ಕ ಜಾಗ ಗುರುಗ್ರಹ! ಇದು ಒಬ್ಬರನ್ನು ಹಂಗಿಸಲು ಬರೆದ ಸುಳ್ಳು ಎಂದು ಬಲ್ಲವರಿಗೆ ಗೊತ್ತಾಗಿತ್ತು.

ಅವಸರದ ಬೆಲೆ

ಮೂರು ಸಾವಿರ ದೊಡ್ಡ ಸಂಖ್ಯೆ. ಆದರೆ ಅವರ ಎಷ್ಟೋ ವಿವರಣೆಗಳು ಎರಡು ಮೂರು ಸಾಲಿನವು, ಚಿತ್ರವೂ ಇಲ್ಲ. ಕೆಲವೊಮ್ಮೆ ಒಂದೇ ಸ್ಲೈಡ್‌ನಲ್ಲಿ ಹಲವು ಜಾತಿಗಳು ಒಟ್ಟಿಗೆ ಇರುತ್ತಿದ್ದವು. ಕೊನೆಯ ವರ್ಷಗಳಲ್ಲಿ ಮಾನಸಿಕ ಕಾಯಿಲೆ ಅವರನ್ನು ಕಾಡಿತು. 1941ರಲ್ಲಿ ಕ್ವೀನ್ಸ್‌ಲ್ಯಾಂಡ್‌ನಲ್ಲೇ ತೀರಿಕೊಂಡರು. ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಮ್ಯೂಸಿಯಂನಲ್ಲಿರುವ ಅವರ ಸ್ಲೈಡ್‌ಗಳನ್ನು ಎಡ್ವರ್ಡ್ ಡಾಮ್ಸ್ ಎಂಬ ವಿಜ್ಞಾನಿ ಒಂದೊಂದಾಗಿ ಪರಿಶೀಲಿಸಿ, 1978ರಿಂದ 1986ರವರೆಗೆ ಪಟ್ಟಿ ಪ್ರಕಟಿಸಬೇಕಾಯಿತು.

ನಮ್ಮ ಹತ್ತಿ ಹೊಲಕ್ಕೂ ಇವರಿಗೂ ಏನು ಸಂಬಂಧ?

ಜಿರಾಲ್ಟ್ ಅಮೆರಿಕದಲ್ಲಿದ್ದಾಗ, 1915ರಲ್ಲಿ, ಅರಿಜೋನ ರಾಜ್ಯದ ಹೆಸರಿನಲ್ಲಿ ಒಂದು ಕಣಜವನ್ನು ವಿವರಿಸಿದ್ದರು. ಅದು ಹಾಗೇ ಕಾಗದದಲ್ಲಿ ಉಳಿಯಿತು. ಸುಮಾರು 90 ವರ್ಷಗಳ ನಂತರ ಭಾರತದ ಹತ್ತಿ ಹೊಲಗಳಿಗೆ ಅಮೆರಿಕ ಮೂಲದ ಹಿಟ್ಟು ತಿಗಣೆ ದಾಳಿ ಇಟ್ಟಿತು. ಗಿಡವೆಲ್ಲ ಬಿಳಿ ಹಿಟ್ಟು ಚೆಲ್ಲಿದಂತಾಗಿ ರೈತರು ಕಂಗೆಟ್ಟರು. ಆಗ ಯಾರೂ ತಂದು ಬಿಡದೆಯೇ ಒಂದು ಪುಟ್ಟ ಕಣಜ ಆ ತಿಗಣೆಗಳನ್ನು ಕೊಲ್ಲುತ್ತಿರುವುದು ಕಂಡುಬಂತು. 2009ರಲ್ಲಿ ಅಲಿಗಢದ ಮೊಹಮ್ಮದ್ ಹಯಾತ್ ಅದನ್ನು ಹೊಸ ಜಾತಿ ಎಂದು ವಿವರಿಸಿ ಅನಾಸಿಯಸ್ ಬಂಬಾವಾಲೆಯಿ ಎಂಬ ಹೆಸರು ಕೊಟ್ಟರು.

2014ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟ ಸಂಗತಿಯೇ ಬೇರೆ. ಅದು ಜಿರಾಲ್ಟ್ ಹೆಸರಿಸಿದ್ದ ಅರಿಜೋನದ ಕಣಜವೇ ಆಗಿತ್ತು. ನಿಯಮದ ಪ್ರಕಾರ ಹಳೆಯ ಹೆಸರೇ ನಿಲ್ಲಬೇಕು. ಈಗ ಅದು ಅನಾಸಿಯಸ್ ಅರಿಜೋನೆನ್ಸಿಸ್.

ಹೆಸರಲ್ಲೇನಿದೆ ಎನ್ನಬೇಡಿ. ಒಂದೇ ಹುಳಕ್ಕೆ ಎರಡು ಹೆಸರಿದ್ದರೆ ಅದರ ತವರು ಯಾವುದು, ಎಲ್ಲಿಂದ ಬಂತು, ಎಲ್ಲೆಲ್ಲಿ ಬದುಕುತ್ತದೆ ಎಂಬ ಮಾಹಿತಿಯೂ ಎರಡು ಹೋಳಾಗುತ್ತದೆ. ಬೆಳೆಗಾಗಿ ಕೀಟ ನೋಡುವವರನ್ನು ಹಂಗಿಸಿದ ಮನುಷ್ಯ ಹೆಸರಿಟ್ಟ ಕಣಜವೇ ಇಂದು ರೈತರ ಬೆಳೆ ಕಾಯುತ್ತಿದೆ.

ನೆನಪಿಡಿ

ಹಿಟ್ಟು ತಿಗಣೆಗಳ ನಡುವೆ ಗಟ್ಟಿಯಾದ, ಕಂದು ಬಣ್ಣದ, ದುಂಡು ತೂತಿರುವ ಸತ್ತ ತಿಗಣೆಗಳು ಕಂಡರೆ ಕಣಜ ಅಲ್ಲಿ ಕೆಲಸ ಮುಗಿಸಿದೆ ಎಂದರ್ಥ. ಆಗ ಅವಸರದಲ್ಲಿ ಔಷಧಿ ಹೊಡೆದರೆ ತಿಗಣೆಯ ಜೊತೆ ನಮ್ಮ ಪರವಾಗಿ ಹೋರಾಡುವ ಕಣಜವೂ ಸಾಯುತ್ತದೆ. ಮೊದಲು ಕೃಷಿ ಅಧಿಕಾರಿಗೆ ತೋರಿಸಿ. ಎಲ್ಲ ಕಣಜವೂ ಅಪಾಯ ಎಂಬ ಸಂದೇಶ ಬಂದರೆ ಮುಂದೆ ಕಳುಹಿಸುವ ಮುನ್ನ ಕೇಳಿ: ಯಾವ ಕಣಜ?